ಆದೆಪ್ಪನ ಹಂಡೆ

ಮಸ್ಕಿಯ ಮೇಲಿನ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಗಾದರೂ ಬೀಗರು ಬರುತ್ತಾರೆಂದರೆ ಅವರು ಬರುವ ಮೊದಲೇ ಅಕ್ಕಪಕ್ಕದ ಮನೆಗಳ ಸಾಮಾನು ಆ ಮನೆ ಸೇರುತ್ತಿತ್ತು. ಒಬ್ಬರ ಜಮಖಾನೆ, ಇನ್ನೊಬ್ಬರ ತಂಬಿಗೆ, ಮತ್ತೊಬ್ಬರ ಕುರ್ಚಿ. ಓಣಿಗೆಲ್ಲ ಇದ್ದದ್ದು ಒಂದೇ ಕುರ್ಚಿ. ಅದು ಎಷ್ಟು ಮದುವೆ ಕುದುರಿಸಿತ್ತೆಂದರೆ ಅದಕ್ಕೂ ಒಂದು ಉಡುಗೊರೆ ಕೊಡಬೇಕಿತ್ತು. ಕೊಡುವುದರಲ್ಲಿ ದೊಡ್ಡಸ್ತಿಕೆ ಇರಲಿಲ್ಲ, ಇಸಿದುಕೊಳ್ಳುವುದರಲ್ಲಿ ನಾಚಿಕೆ ಇರಲಿಲ್ಲ. ನಿಯಮ ಎರಡೇ. ಪಾತ್ರೆಯ ಮೇಲೆ ಯಜಮಾನನ ಹೆಸರು ಚುಕ್ಕಿಚುಕ್ಕಿಯಾಗಿ ಕೆತ್ತಿಸಿರುತ್ತದಲ್ಲ, ಆ ಹೆಸರನ್ನು ಗೋಡೆಯ ಕಡೆ ತಿರುಗಿಸಿ ಇಡಬೇಕು. ಎರಡನೆಯದು, ಕೊಟ್ಟವರು ಬಂದು ಕೂತಾಗ ತಮ್ಮ ಸಾಮಾನನ್ನು ಗುರುತಿಸಬಾರದು. ತಮ್ಮದೇ ಲೋಟದಲ್ಲಿ ನೀರು ಕುಡಿಯುತ್ತ, "ಲೋಟ ಛಲೋ ಐತಿ, ಎಲ್ಲಿ ತಗೊಂಡ್ರಿ?" ಎಂದು ಕೇಳುವಷ್ಟು ಗಟ್ಟಿ ಜನ.

ಅಮರಗುಂಡಪ್ಪ ಈ ಓಣಿಯಲ್ಲೇ ಹುಟ್ಟಿ ಬೆಳೆದವನು. ಮುಂದೆ ಲಿಂಗಸುಗೂರಿನ ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡಿದ. ಅವನ ವಾದ ಕೇಳಿದವರು ನಾಲಿಗೆ ಇದ್ದರೆ ಹಿಂಗಿರಬೇಕು ಎನ್ನುತ್ತಿದ್ದರು. ಆ ನಾಲಿಗೆ ಮಾತಾಡಬೇಕಾದಾಗ ನಾಲ್ಕು ಸಲ ಮಾತಾಡಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಅವನ ಅಪ್ಪ ಕಿರಾಣಿ ಅಂಗಡಿ ಇಟ್ಟಿದ್ದ. ರಜಾಕಾರರ ಗದ್ದಲದ ವರ್ಷ ಅಂಗಡಿಗೆ ಬೀಗ ಹಾಕಿ, ಹೆಂಡತಿ ಮಗನನ್ನು ಕರೆದುಕೊಂಡು ಹೊಳೆ ದಾಟಿ ಹೋದ. ಗದ್ದಲ ಅಡಗಿ ತಿರುಗಿ ಬಂದಾಗ ಅಂಗಡಿಯಲ್ಲಿ ಉಳಿದದ್ದು ತಕ್ಕಡಿಯ ದಂಡಿ ಒಂದೇ. ಆ ಚಳಿಗಾಲ ಜ್ವರ ಬಂದು ಅಪ್ಪ ತೀರಿಕೊಂಡ. ಕಲ್ಲಿನ ಮನೆ ಉಳಿಯಿತು, ಮನೆಯೊಳಗಿನದು ಒಂದೊಂದಾಗಿ ಹೊರಗೆ ಹೋಯಿತು. ತಾಯಿ ಪಾರ್ವತೆಮ್ಮ ಉಳ್ಳವರ ಮನೆಗೆ ಶ್ಯಾವಿಗೆ ಹೊಸೆದು ಕೊಡತೊಡಗಿದಳು. ಕೇಳಿದವರಿಗೆ, "ಕೂತು ಕೂತು ಬ್ಯಾಸರ ಬರ್ತೈತಿ, ಅದಕ್ಕ ಮಾಡಾಕತ್ತೀನಿ" ಎನ್ನುತ್ತಿದ್ದಳು. ಬೇಸರಕ್ಕೆ ಮಾಡುವವರು ದಿನಕ್ಕೆ ಎರಡು ಸೇರು ಹೊಸೆಯುವುದಿಲ್ಲ. ಓಣಿಗೆ ಇದು ತಿಳಿದಿತ್ತು, ಆದರೆ ತಿಳಿದಂತೆ ತೋರಿಸಿಕೊಳ್ಳಲಿಲ್ಲ.

ಹೈದರಾಬಾದಿನಲ್ಲಿ ಒಂದು ಮಠದ ಪ್ರಸಾದ ನಿಲಯದಲ್ಲಿ ಉಂಡು ಅಮರಗುಂಡಪ್ಪ ಬಿ.ಎ. ಮುಗಿಸಿದ. ವಕೀಲನಾಗಬೇಕೆಂಬುದು ಅವನ ಆಸೆ. ಪಾರ್ವತೆಮ್ಮ ಆಗಲೇ ಅವನನ್ನು ವಕೀಲ ಮಾಡಿ ಕೂಡಿಸಿದ್ದಳು. ಆದರೆ ಕಾನೂನು ಓದುವವರಿಗೆ ನಿಲಯದಲ್ಲಿ ಜಾಗ ಇರಲಿಲ್ಲ. ಫೀಸು, ಪುಸ್ತಕ, ಊಟ ಎಲ್ಲ ಕೈಯಿಂದಲೇ ಆಗಬೇಕು. ಬಡ ವಿದ್ಯಾರ್ಥಿಗಳಿಗೆ ಸಹಾಯ ಕೊಡುವ ನಿಧಿಯೊಂದು ಹೈದರಾಬಾದಿನಲ್ಲಿ ಇದೆಯೆಂದು ತಿಳಿದು, ಐವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಅದಕ್ಕೆ ಅರ್ಜಿ ಹಾಕಿದ. ನಿಧಿಯವರು ಬಡವನೆಂದು ಬಾಯಿಮಾತಿಗೆ ನಂಬುವವರಲ್ಲ. ತಹಸೀಲಿನಿಂದ ಕಂದಾಯದ ತಪಾಸಣೆ ಮಾಡುವ ಗಿರ್ದಾವರ ಸಾಹೇಬರು ಮನೆಗೆ ಬಂದು ಕಣ್ಣಾರೆ ನೋಡಬೇಕು, ಓಣಿಯ ಐದು ಮಂದಿ ಪಂಚರು ಹೌದೆಂದು ಸಹಿ ಹಾಕಬೇಕು. ಆಮೇಲೆ ಬಡತನದ ಸರ್ಟಿಫಿಕೇಟು.

ಅಮರಗುಂಡಪ್ಪ ಅರ್ಜಿಯನ್ನು ಲಿಂಗಸುಗೂರಿನಲ್ಲೇ ಕೂತು ಬರೆದ. ಮನೆಯಲ್ಲಿ ಬರೆಯಲು ಕೈ ಬರಲಿಲ್ಲ. 'ತಂದೆ ಇಲ್ಲ. ತಾಯಿ ಶ್ಯಾವಿಗೆ ಹೊಸೆದು ಜೀವನ ಸಾಗಿಸುತ್ತಾಳೆ. ಒಂದು ಹೊತ್ತಿನ ಊಟಕ್ಕೂ ತ್ರಾಸು.' ಮೂರೂ ಮಾತು ಖರೆ. ಖರೆ ಮಾತನ್ನು ಬರೆದು ಇಷ್ಟು ನಾಚಿಕೆಯಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಊರಿಗೆ ಬಂದು ತಾಯಿಗೆ ಹೇಳಿದ್ದು ಇಷ್ಟೇ.

"ಯವ್ವಾ, ಗುರುವಾರ ಲಿಂಗಸುಗೂರಿಂದ ಸಾಹೇಬ್ರು ಬರ್ತಾರ."

"ಯಾಕೋ?"

"ನನ್ನ ಓದಿನ ಸಲುವಾಗಿ ವಿಚಾರಣಾ ಮಾಡಾಕ."

ಮಗನ ಓದಿನ ಸಲುವಾಗಿ ಸರ್ಕಾರದವರೇ ಮನೆಗೆ ಬರುತ್ತಾರೆಂದರೆ ಪಾರ್ವತೆಮ್ಮನಿಗೆ ಏನು ತಿಳಿಯಬೇಕೋ ಅದೇ ತಿಳಿಯಿತು. ವಕೀಲನಾಗುವವನ ಮನೆ ಹೇಗಿದೆ ಎಂದು ನೋಡಲು ಬರುತ್ತಿದ್ದಾರೆ.

ಗುರುವಾರ ಮುಂಜಾನೆ ಅಮರಗುಂಡಪ್ಪ ಬಸ್ಸಿನ ಹತ್ತಿರ ಹೋಗಿ ನಿಂತ. ಬಸ್ಸು ತಡವಾಗಿ ಬಂತು. ಇಸ್ಮಾಯಿಲ್‌ಸಾಬ್ ಎಂಬ ಗಿರ್ದಾವರರು ಇಳಿದರು. ನರೆತ ಗಡ್ಡ, ಬಗಲಲ್ಲಿ ದಫ್ತರ, ನೂರು ಮನೆಯ ಸುಳ್ಳು ಕೇಳಿ ದಣಿದ ಮುಖ. ಅವರನ್ನು ಕರೆದುಕೊಂಡು ಮನೆಯ ಹೊಸ್ತಿಲು ದಾಟಿದ ಅಮರಗುಂಡಪ್ಪ ಅಲ್ಲೇ ನಿಂತುಬಿಟ್ಟ.

ಪಡಸಾಲೆಯಲ್ಲಿ ಹೂಬಳ್ಳಿಯ ಜಮಖಾನೆ. ಅದರ ಮೇಲೆ ಆ ಕುರ್ಚಿ. ತಟ್ಟೆಯಲ್ಲಿ ತುಪ್ಪ ಒಸರುವ ಸಜ್ಜಕ. ಗೋಡೆಗೆ ಹೊಂದಿಸಿಟ್ಟ, ಮೊಣಕಾಲ ಮಟ್ಟಕ್ಕೆ ಬರುವಂಥ ತಾಮ್ರದ ಹಂಡೆ, ಹುಣಸೆಹಣ್ಣು ಹಚ್ಚಿ ಉಜ್ಜಿದ್ದಕ್ಕೆ ಕಣ್ಣಿಗೆ ಹೊಡೆಯುವಂತೆ ಹೊಳೆಯುತ್ತಿತ್ತು. ಅದರಲ್ಲಿ ಒಂದು ಹನಿ ನೀರಿಲ್ಲ, ಬರೀ ನೋಡಲಿಕ್ಕೆ ಇಟ್ಟದ್ದು. ಪಾರ್ವತೆಮ್ಮ ಒಳಬಾಗಿಲಲ್ಲಿ ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. ಅವಳ ಮುಖದ ಮೇಲೆ ಅಪ್ಪ ಸತ್ತ ಮೇಲೆ ಕಾಣದಿದ್ದ ಒಂದು ನಗೆ ಇತ್ತು.

"ಬರ್ರಿ ಸಾಹೇಬ್ರ, ಕೂಡ್ರಿ. ಬಡವರ ಮನಿ" ಎಂದಳು. ಮರ್ಯಾದೆಗೆ ಎಲ್ಲರೂ ಹೇಳುವ ಮಾತು.

ಇಸ್ಮಾಯಿಲ್‌ಸಾಬರು ಹಂಡೆಯನ್ನು ನೋಡಿದರು, ಜಮಖಾನೆಯನ್ನು ನೋಡಿದರು, ಅಮರಗುಂಡಪ್ಪನನ್ನೂ ಒಂದು ಸಲ ನೋಡಿದರು. ಆಮೇಲೆ ಸಜ್ಜಕ ತಿಂದರು. ಅಷ್ಟರಲ್ಲಿ ಪಂಚರು ಬಂದರು. ಎದುರುಮನೆಯ ಎಣ್ಣೆ ವ್ಯಾಪಾರಿ ಆದೆಪ್ಪ, ಮೂಲೆಮನೆಯ ಕರೀಂಸಾಬ್, ಇನ್ನು ಮೂವರು. ಪಾರ್ವತೆಮ್ಮ ಚಹಾ ಮಾಡಲು ಒಲೆಯ ಮುಂದೆ ಹೋದಾಗ ಗಿರ್ದಾವರರು ಕಾಗದ ಬಿಚ್ಚಿದರು.

"ಈ ಮನಿಯವ್ರು ಬಡವ್ರು, ಒಂದು ಹೊತ್ತಿನ ಊಟಕ್ಕೂ ತ್ರಾಸು ಅಂತ ಅರ್ಜಿ ಬಂದೈತಿ. ಖರೇ ಏನ್ರೀ?"

ಪಂಚರ ಮುಖಗಳು ಕೆಂಪಾದವು. ಅರ್ಜಿ ಯಾತಕ್ಕೆಂದು ತಿಳಿಯದ ಅವರು, ಗಂಡ ಸತ್ತ ಹೆಣ್ಣುಮಗಳ ಮನೆಯ ಮೇಲೆ ಯಾವನೋ ಹೀಗೆಲ್ಲ ಬರೆದು ಕಳಿಸಿದ್ದಾನೆ ಎಂದುಕೊಂಡರು. ಎಲ್ಲರಿಗಿಂತ ಮುಂದಾಗಿ ಆದೆಪ್ಪನೇ ಮಾತಾಡಿದ.

"ಯಾವನ್ರೀ ಅವ ಬರದಾವ? ಹೆಸರು ಹೇಳ್ರಿ. ಈ ಮನಿ ಕೊಟ್ಟ ಮನಿ, ಕೈ ಚಾಚಿದ ಮನಿ ಅಲ್ಲ."

"ಯಾರರೆ ಬರೀಲಿ, ಅದು ನಿಮಗ ಬ್ಯಾಡ. ಈ ಹಂಡೆ ಯಾರದು?"

"ಅವರದ ರೀ. ಅವರ ಹಿರ್ಯಾರ ಕಾಲದ್ದು."

ಹಂಡೆ ಆದೆಪ್ಪನದು. ಅವನ ಹೆಂಡತಿ ಕಸ್ತೂರೆಮ್ಮನ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಕಣ್ಣು ಮಿಟುಕಿಸದೆ ಹೇಳಿದ. ಜಮಖಾನೆ ಯಾರದೆಂದು ಕೇಳಿದರೆ ಕರೀಂಸಾಬ್, "ಅವರದೇ ಸಾಬ್, ನಾ ಸಣ್ಣಾಂವ ಇದ್ದಾಗಿಂದ ನೋಡೀನಿ" ಎಂದ. ನೋಡಿರಲಿಕ್ಕೇ ಬೇಕು, ಅವನ ಮನೆಯದೇ ಅದು. ಐವರೂ ಆ ಮನೆಯ ಮಾನ ಕಾಯಲು ಸಾಲಾಗಿ ನಿಂತುಬಿಟ್ಟರು.

ಅಮರಗುಂಡಪ್ಪ ಹಂಡೆಗೆ ಒರಗಿ ಕೂತಿದ್ದ. ಕೈ ಹಿಂದೆ ಹೋದಾಗ ಗೋಡೆಯ ಕಡೆಗಿದ್ದ ಚುಕ್ಕಿಗಳು ಬೆರಳಿಗೆ ಹತ್ತಿದವು. ಆ, ದೆ, ಪ್ಪ. ಬರಿ ಹಂಡೆ, ಒಂದು ಕೈಯಲ್ಲಿ ತಿರುಗಿಸಿದರೆ ಹೆಸರು ಮುಂದೆ ಬರುತ್ತಿತ್ತು. ಬಾಯಿ ಬಿಡುವುದೂ ಬೇಕಿರಲಿಲ್ಲ. ಒಳಗಿನಿಂದ ತಾಯಿ ಬಟ್ಟಲು ತೊಳೆಯುವ ಸಪ್ಪಳ ಬರುತ್ತಿತ್ತು. ತಾಯಿಗೆ ಅವಮಾನವಾದೀತೆಂದು ಸುಮ್ಮನಿದ್ದೆ ಎಂದು ಅವನು ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡ. ಅದು ಅರ್ಧ ಖರೆ. ಉಳಿದರ್ಧ ಏನೆಂದರೆ, ಆ ಐದು ಮಂದಿಯ ಮುಂದೆ 'ಬರೆದವನು ನಾನು' ಎನ್ನಲು ಅವನಿಗೆ ನಾಚಿಕೆಯಾಯಿತು. ಬೆರಳು ಚುಕ್ಕಿಗಳ ಮೇಲೇ ಇತ್ತು, ಹಂಡೆ ತಿರುಗಲಿಲ್ಲ.

ಗಿರ್ದಾವರರು ಪಂಚನಾಮೆ ಬರೆದು ಐವರ ಸಹಿ ತಗೊಂಡು ಹೋದರು. ಸಂಜೆ ಕಸ್ತೂರೆಮ್ಮ ಹಂಡೆ ಒಯ್ಯಲು ಬಂದವಳು, ಯಾರೋ ಹೀಗೆ ಅರ್ಜಿ ಹಾಕಿದ್ದರಂತೆ, ನಮ್ಮ ಯಜಮಾನರು ಬಾಯಿ ಮುಚ್ಚಿಸಿದರಂತೆ ಎಂದು ಹೇಳಿ ಹೋದಳು. ಪಾರ್ವತೆಮ್ಮನ ಮೈ ಉರಿಯಿತು. ಅಂಗಳದಲ್ಲಿ ನಿಂತು ಮಣ್ಣು ತೂರಿದಳು.

"ನನ್ನ ಮನಿ ಮಾನ ತಹಸೀಲಿಗೆ ಒಯ್ದವನ ಬಾಯಾಗ ಹುಳ ಬೀಳಲಿ! ಅವನ ಓದು ಅವನ ಕೈ ಹಿಡೀದಿರಲಿ! ಅಮರಾ, ಯಾರಿರಬೇಕೋ ಅವ?"

"ಯಾರೋ ಏನೋ ಬೇ" ಎಂದ ಮಗ, ತಲೆ ಎತ್ತದೆ.

ತಿಂಗಳಿಗೆ ಉತ್ತರ ಬಂತು. ಅರ್ಜಿದಾರರು ಅನುಕೂಲಸ್ಥರಾದ್ದರಿಂದ ಸಹಾಯ ಕೊಡಲಾಗದು. ತಾಯಿಗೆ ಈ ವರ್ಷ ಕಾಲೇಜಿನಲ್ಲಿ ಜಾಗ ಸಿಗಲಿಲ್ಲವೆಂದು ಹೇಳಿ ಅವನು ಸಿಂಧನೂರಿಗೆ ಹೋದ. ಅಲ್ಲಿಯ ಶಾಲೆಯಲ್ಲಿ ರಜೆಯ ಮೇಲೆ ಹೋದ ಮಾಸ್ತರರ ಜಾಗಕ್ಕೆ ಹತ್ತು ತಿಂಗಳು ಕಲಿಸಿದ. ಬಂದ ಸಂಬಳ ಖೋಲಿ ಬಾಡಿಗೆಗೂ ಖಾನಾವಳಿಗೂ ಸರಿಹೋಯಿತು. ಪ್ರತಿ ಅಮಾವಾಸ್ಯೆಗೆ ಊರಿಗೆ ಬಂದಾಗ ತಾಯಿ, ಆ ಅರ್ಜಿ ಹಾಕಿದವನು ಸಿಕ್ಕನೇನು ಎಂದು ಕೇಳುತ್ತಿದ್ದಳು. ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಿದ್ದ.

ಮರುವರ್ಷ ಮತ್ತೆ ಅರ್ಜಿ ಕರೆದರು. ವಯಸ್ಸಿನ ಲೆಕ್ಕದಲ್ಲಿ ಅದೇ ಕಡೆಯ ಸಲ. ಲಿಂಗಸುಗೂರಿಗೆ ಹೋದರೆ ಇಸ್ಮಾಯಿಲ್‌ಸಾಬರು ಹಳೆಯ ದಫ್ತರ ತೆಗೆದು ತೋರಿಸಿದರು.

"ನೋಡಪ್ಪಾ, ಐದು ಮಂದಿ ಸಹಿ ಐತಿ. ಹೋದ ವರ್ಷ ಸಾಹುಕಾರ, ಈ ವರ್ಷ ಫಕೀರ ಅಂತ ನಾ ಹೆಂಗ ಬರೀಲಿ? ಆ ಸಾಮಾನು ನಿಮ್ಮದಲ್ಲ ಅಂತ ಮನಿ ಯಜಮಾನಿ ಚಾವಡಿಗೆ ಬಂದು ಹೇಳಬೇಕು. ಪಂಚರು ಒಪ್ಪಬೇಕು."

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಅವನು ಮನೆಗೆ ಬಂದಾಗ ಪಾರ್ವತೆಮ್ಮ ಶ್ಯಾವಿಗೆ ಹೊಸೆಯುತ್ತಿದ್ದಳು. ಎದುರಿಗೆ ಕೂತು ಅರ್ಜಿಯನ್ನು ಓದಿದ, ಮೂರೂ ಮಾತು. ಅವಳ ಕೈ ನಿಂತಿತು.

"ಹೋದ ವರ್ಷ ಬರದಾವ ನೀನ ಏನು?"

"ಹೂಂ ಬೇ."

ಪಾರ್ವತೆಮ್ಮ ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿ ತೆಗೆದಳು.

"ಬಡವಿ ಇದ್ದೀನಿ, ಬಡವಿ ಅಂತ ಬರದಿ. ಅದಕ್ಕ ಸಿಟ್ಟಿಲ್ಲ. ನನ್ನ ಬಾಯಿಲೆ ನನ್ನ ಮಗನಿಗೇ ಶಾಪ ಹಾಕಿಸಿದೆಲ್ಲೋ. ನಿಂತು ಕೇಳಿದಿ, ಸುಮ್ನ ಇದ್ದಿ."

ಅವಳು ಎದ್ದುಹೋಗಿ ದೇವರ ಮುಂದಿನ ವಿಭೂತಿ ಗಟ್ಟಿ ತಂದಳು. ಮಗನ ಹಣೆಗೆ ಹಚ್ಚಿದಳು. ಆಮೇಲೆ ಹೆಬ್ಬೆರಳಿನಿಂದ ಅವನ ತುಟಿಗೂ ಹಚ್ಚಿದಳು, ಹುಳ ಬೀಳಲೆಂದದ್ದು ಬಾಯಿಗಲ್ಲವೇ. ಅಮರಗುಂಡಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

"ಚಾವಡಿಗೆ ಬಂದು ಹೇಳ್ತೀನಿ" ಎಂದಳು ಕಡೆಗೆ. "ಆದ್ರ ಮೊದಲ ಆದೆಪ್ಪನ ಕಡೆ ಹೋಗು. ನಮ್ಮ ಮಾನಕ್ಕಂತ ಸುಳ್ಳು ಹೇಳ್ಯಾನ ಅವ. ಅವಂಗ ತಿಳಸದ ಅವನ ಹಂಡೆ ಸುದ್ದಿ ನಾಲ್ಕು ಮಂದ್ಯಾಗ ತೆಗೀಬಾರದು. ಕಾಲು ಹಿಡಿ, ಹೇಳಿ ಬಾ."

ಹೋದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಗಿರಾಕಿ ಹೋಗಲೆಂದು ನಿಂತ, ಹೋದರು, ಇನ್ನಿಬ್ಬರು ಬಂದರು. ಆದೆಪ್ಪ, "ಏನಲೇ ಅಮರಾ, ವಕೀಲಕಿ ಎಲ್ಲೀಮಟ ಬಂತು?" ಎಂದು ನಗುತ್ತ ಕೇಳಿದ. ಅವನು "ನಡದೈತಿ ಕಾಕಾ" ಎಂದು ತಿರುಗಿ ಬಂದ. ಸಂಜೆ ಮತ್ತೊಮ್ಮೆ ಹೋದ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ್ದು ನೋಡಿ ಇನ್ನೂ ಹೆದರಿಕೆಯಾಗಿ ಮುಂದಕ್ಕೆ ದಾಟಿ ನಡೆದುಬಿಟ್ಟ. ಮನೆಗೆ ಬಂದರೆ ತಾಯಿ ಬಾಗಿಲಲ್ಲೇ ಇದ್ದಳು.

"ಹೇಳಿದೇನು?"

"ಹೇಳೀನಿ ಬೇ."

ಆ ಎರಡು ಶಬ್ದಕ್ಕೆ ತಗಲಿದ ದಂಡವನ್ನು ಅವನಲ್ಲ, ಅವಳು ಕಟ್ಟಿದಳು.

ಚಾವಡಿಯಲ್ಲಿ ಅವತ್ತು ಊರ ಹಿರಿಯರೆಲ್ಲ ಇದ್ದರು. ಪಂಚರು ಸಾಲಾಗಿ ಕೂತಿದ್ದರು. ಪಾರ್ವತೆಮ್ಮ ಸೆರಗು ಎಳೆದುಕೊಂಡು ಮೆಟ್ಟಿಲು ಹತ್ತಿದಳು. ಗಂಡಸರ ಮುಂದೆ ಅವಳು ಹಾಗೆ ನಿಂತದ್ದು ಅದೇ ಮೊದಲು.

"ಅವತ್ತಿನ ಹಂಡೆ ಆದೆಪ್ಪಂದು. ಜಮಖಾನಿ ಕರೀಂಸಾಬಂದು. ತುಪ್ಪಾ ಕಸ್ತೂರೆಮ್ಮ ಕೊಟ್ಟಿದ್ದು. ನನ್ನ ಮನ್ಯಾಗ ಎರಡು ಗಡಿಗಿ, ಒಂದು ಶ್ಯಾವಿಗಿ ಮಣಿ, ಇಷ್ಟ ಅದಾವ. ನಾನು ಶ್ಯಾವಿಗಿ ಹೊಸದು ಹೊಟ್ಟಿ ಹೊರೀತೀನಿ."

ಹೇಳಿ ಅವಳು ಆದೆಪ್ಪನ ಕಡೆ ನೋಡಿದಳು, ಅವನು ಹೌದೆಂದು ತಲೆಯಾಡಿಸುತ್ತಾನೆಂದು. ಆದೆಪ್ಪನ ಮುಖ ಬಿಳುಚಿತ್ತು. ಯಾರೋ ಕಿಸಕ್ಕನೆ ನಕ್ಕರು. ಇಸ್ಮಾಯಿಲ್‌ಸಾಬರು ಕನ್ನಡಕ ತೆಗೆದು, "ಏನ್ರೀ ಆದೆಪ್ಪ, ಹಿರ್ಯಾರ ಕಾಲದ್ದು ಅಂದಿದ್ರಲ್ಲ? ಸರ್ಕಾರದ ಮುಂದ ಸುಳ್ಳು ಹೇಳೀವಿ ಅಂತ ಬರದು ಸಹಿ ಹಾಕ್ರಿ" ಎಂದರು. ಊರಲ್ಲಿ ತಕ್ಕಡಿಯ ಮುಳ್ಳಿನಂಥ ಮನುಷ್ಯ ಎನ್ನಿಸಿಕೊಂಡಿದ್ದ ಆದೆಪ್ಪ, ಎಲ್ಲರ ಮುಂದೆ ತಾನು ಸುಳ್ಳನೆಂದು ಸಹಿ ಹಾಕಿದ. ಅವನ ಹಿಂದೆ ಉಳಿದ ನಾಲ್ವರೂ ಹಾಕಿದರು. ಆದೆಪ್ಪ ಎದ್ದು ಹೋಗುವಾಗ ಚಪ್ಪಲಿ ಮೆಟ್ಟುವುದನ್ನೂ ಮರೆತ.

ಪಾರ್ವತೆಮ್ಮ ಒಮ್ಮೆ ಮಗನನ್ನು ನೋಡಿದಳು. ಅವಳಿಗೆ ತಿಳಿಯಿತು. ಅವನು ಕಂಬದ ಮರೆಗೆ ಸರಿದ.

ಮನೆಗೆ ಹೋದ ಮೇಲೂ ಅವಳು ಬಯ್ಯಲಿಲ್ಲ. ಅದೇ ಸಂಜೆ ಕಸ್ತೂರೆಮ್ಮ ಎದುರಿನ ಕಟ್ಟೆಯ ಮೇಲೆ ನಿಂತು, "ಹಾಲು ಕೊಟ್ಟ ಮನಿಗೆ ವಿಷ ಕೊಟ್ಟಿ ಯಕ್ಕಾ. ಮೊದಲ ಒಂದು ಮಾತು ಹೇಳಾಕ ಬಾಯಿ ಇರಲಿಲ್ಲೇನು?" ಎಂದು ಕೂಗಿ ಕೇಳಿದಳು. ಪಾರ್ವತೆಮ್ಮ ಸುಮ್ಮನೆ ನಿಂತು ಕೇಳಿದಳು. ಮಗ ಹೇಳೀನಂದಿದ್ದ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ನಾಳೆ ವಕೀಲನಾಗುವ ಮಗ ಸುಳ್ಳನೆಂದು ಊರು ಆಡಬಾರದು. ಅಮರಗುಂಡಪ್ಪ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ. ಹೊರಗೆ ಬರಲಿಲ್ಲ.

ಸಹಾಯ ಮಂಜೂರಾಯಿತು. ಹೈದರಾಬಾದಿನಲ್ಲಿ ಎರಡು ವರ್ಷ ಕಾನೂನು ಓದಿದ. ಸಾಕ್ಷಿಯ ಕಾಯಿದೆ ಓದುವಾಗ, ಸುಳ್ಳು ಸಾಕ್ಷಿಯ ಪಾಠ ಬಂದ ದಿನ, ಅವನು ಪುಸ್ತಕದಿಂದ ಕಣ್ಣೆತ್ತಲಿಲ್ಲ. ಊರಲ್ಲಿ ತಾಯಿಯ ಮನೆಗೆ ಯಾರೂ ಪಾತ್ರೆ ಕೊಡುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಯಾರೂ ಕೇಳಲು ಬರುತ್ತಿರಲಿಲ್ಲ. ಎರಡು ಗಡಿಗೆಯ ಮನೆಯಲ್ಲಿ ಕೇಳುವುದಾದರೂ ಏನಿದೆ? ಆದರೆ ಮೊದಲು ಶ್ಯಾವಿಗೆ ಮಣೆಯನ್ನಾದರೂ ಕೇಳಿಕೊಂಡು ಬರುತ್ತಿದ್ದರು. ಈಗ ಅದೂ ನಿಂತಿತ್ತು. ಕರೀಂಸಾಬನ ಹೆಂಡತಿ ಖಾತೂನ್‌ಬೀ ಮಾತ್ರ ಬಾವಿಕಟ್ಟೆಯಲ್ಲಿ ಎರಡು ಮಾತಾಡುತ್ತಿದ್ದಳು, ಅದೂ ಯಾರೂ ಇಲ್ಲದಾಗ.

ಅಮರಗುಂಡಪ್ಪ ಸನದು ಪಡೆದು ಲಿಂಗಸುಗೂರಿನಲ್ಲಿ ವಕೀಲಿ ಹಿಡಿದ. ಐವತ್ತಾರನೇ ಇಸವಿಯ ದೀಪಾವಳಿಗೆ ಮೊದಲು ಬಸ್ಸಿನ ಮೇಲೆ ಒಂದು ತಾಮ್ರದ ಹಂಡೆ ಹೇರಿಕೊಂಡು ಊರಿಗೆ ಬಂದ. ಆದೆಪ್ಪನ ಹಂಡೆಗಿಂತ ಎರಡು ಬೆರಳು ದೊಡ್ಡದು. ಮೇಲೆ 'ಪಾರ್ವತೆಮ್ಮ' ಎಂದು ಕೆತ್ತಿಸಿದ್ದ. ತಾಯಿ ಹೆಸರಿನ ಮೇಲೆ ಬೆರಳಾಡಿಸಿದಳು.

"ಛಲೋ ಐತೆಪ್ಪ. ಆದ್ರ ಕೇಳಾಕ ಬರೋರು ಯಾರು?"

ಅಷ್ಟೇ ಅಂದು ಅದನ್ನು ಮೂಲೆಗಿಟ್ಟು ಒಳಗೆ ಹೋದಳು. ನಾಲ್ಕು ವರ್ಷದಲ್ಲಿ ಅವಳು ಆಡಿದ ಒಂದೇ ದೂರು. ಅಮರಗುಂಡಪ್ಪ ಕೋಟು ಬಿಚ್ಚಿಟ್ಟು ಹೊರಗೆ ಬಂದ. ಎದುರಿನ ಅಂಗಡಿಗೆ ಹತ್ತು ಹೆಜ್ಜೆ. ಈ ಸಲವೂ ಗಿರಾಕಿಗಳಿದ್ದರು.

"ಬರ್ರಿ ವಕೀಲಸಾಹೇಬ್ರ" ಎಂದ ಆದೆಪ್ಪ, ಅಳತೆಯ ಡಬ್ಬಿಯಿಂದ ಕಣ್ಣು ತೆಗೆಯದೆ. ಆ ಬಹುವಚನ ಕಪಾಳಕ್ಕೆ ಹೊಡೆದಂತಾಯಿತು.

"ಕಾಕಾ, ಅವತ್ತು ಚಾವಡ್ಯಾಗ ನಮ್ಮವ್ವಗ ಏನೂ ಗೊತ್ತಿರಲಿಲ್ಲ. ಮೊದಲ ನಿಮ್ಮ ಕಾಲು ಹಿಡಿದು ಹೇಳಿ ಬಾ ಅಂತ ನನ್ನ ಕಳಿಸಿದ್ಲು. ನಾ ಬಂದೆ, ಹೇಳಲಿಲ್ಲ. ಹೇಳೀನಿ ಅಂತ ಆಕಿಗೆ ಸುಳ್ಳು ಹೇಳಿದೆ. ಅದರ ಹಿಂದಿನ ವರ್ಷದ ಅರ್ಜಿ ಬರದಾವನೂ ನಾನ. ನೀವು ನಮ್ಮ ಮಾನಕ್ಕ ಸುಳ್ಳು ಹೇಳುವಾಗ ನಾ ಹಂಡೆಗೆ ಒರಗಿ ಕೂತಿದ್ದೆ."

ಗಿರಾಕಿಗಳು ಬಾಯಿ ತೆರೆದುಕೊಂಡು ಕೇಳಿದರು. ಕೇಳಲೆಂದೇ ಅವನು ಜೋರಾಗಿ ಹೇಳಿದ್ದ. ಆದೆಪ್ಪನ ಕೈಯ ಡಬ್ಬಿಯಿಂದ ಎಣ್ಣೆ ತುಳುಕಿ ಕಟ್ಟೆಯ ಮೇಲೆ ಹರಿಯಿತು. ಅವನು ಡಬ್ಬಿಯನ್ನು ಕೆಳಗಿಟ್ಟ.

"ಅವತ್ತು ನಿನ್ನ ಕೈ ಹಂಡೆ ಹಿಂದ ಇತ್ತು. ನಾ ನೋಡೀನಿ" ಎಂದ. "ಒಂದೀಟು ತಿರುಗಿಸಿದ್ರ ಮುಗೀತಿತ್ತಲ್ಲಲೇ ಅಮರಾ."

ಅಮರಗುಂಡಪ್ಪ ಅಲ್ಲೇ, ಎಣ್ಣೆಯ ಜಿಡ್ಡಿನ ನೆಲದ ಮೇಲೆ ಬಾಗಿ ಅವನ ಕಾಲು ಮುಟ್ಟಿದ. ಆದೆಪ್ಪ ಏಳು ಎನ್ನಲಿಲ್ಲ, ಕಾಲು ಹಿಂದಕ್ಕೂ ತಗೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಕಸ್ತೂರೆಮ್ಮ ನಾಲ್ಕು ವರ್ಷದ ಮೇಲೆ ಆ ಹೊಸ್ತಿಲು ತುಳಿದಳು. ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಮೂಲೆಯ ಹಂಡೆಯನ್ನೇ ನೋಡುತ್ತ ನಿಂತಳು.

"ಯಕ್ಕಾ, ನಾಳೆ ತುರ್ವಿಹಾಳದಿಂದ ಬೀಗರು ಬರಾಕತ್ಯಾರ. ನಮ್ಮ ಹಂಡೆ ತೂತು ಬಿದ್ದೈತಿ. ನಿಂದು ಕೊಡ್ತಿಯೇನು?"

ಆದೆಪ್ಪನ ಹಂಡೆ ತೂತು ಬಿದ್ದಿರಲಿಲ್ಲ. ಅದು ಓಣಿಗೆಲ್ಲ ಗೊತ್ತು. ಪಾರ್ವತೆಮ್ಮ ಆ ಸುಳ್ಳಿನ ಗುರುತು ಹಿಡಿಯಲಿಲ್ಲ. ಸೆರಗಿನಿಂದ ಹಂಡೆಯನ್ನು ಒರೆಸಿ, ಇನ್ನೊಮ್ಮೆ ಒರೆಸಿ, ಕಸ್ತೂರೆಮ್ಮನ ಕಂಕುಳಿಗೆ ಏರಿಸಿದಳು. ಬಾಗಿಲ ಪಕ್ಕ ನಿಂತಿದ್ದ ವಕೀಲ ಮಗನಿಗೆ ದಾರಿ ಬಿಡಬೇಕೆಂಬುದೂ ತಿಳಿಯಲಿಲ್ಲ.

"ಒಯ್ಯಿ ತಂಗಿ" ಎಂದಳು. "ಹೆಸರು ಗ್ವಾಡಿ ಕಡೆ ಮಾಡಿ ಇಡು."